ತೋಳಿನಲ್ಲಿ ಏಳದ ಹುಣ್ಣು

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುವುದು ವಾಸಿ. ಇಲ್ಲದಿದ್ದರೆ ನಮ್ಮ ಯಜಮಾನರು ಹೇಳುತ್ತಾರೆ, ಅವರು ಹೇಳಿದರೆ ಉಪ್ಪು ಖಾರ ಹಚ್ಚಿಯೇ ಹೇಳುತ್ತಾರೆ. ಹಾಲಿನವನು ನೀರು ಬೆರೆಸಿಲ್ಲ ಎಂದರೆ ನಾನು ನಂಬುವುದಿಲ್ಲ. ಸ್ವಲ್ಪ ಬೆರೆಸಿದ್ದೇನೆ ಎಂದರೆ ಆ ಸ್ವಲ್ಪವನ್ನು ನಂಬುವುದಿಲ್ಲ. ಆದರೆ ಇದು ನನ್ನ ಹುಟ್ಟುಗುಣವಲ್ಲ, ನೌಕರಿ ಕಲಿಸಿದ್ದು. ನಾನು ಸರ್ಕಾರಿ ಆಸ್ಪತ್ರೆಯ ನರ್ಸು. "ಮಾತ್ರೆ ತಗೊಂಡ್ರಾ ಅಜ್ಜಿ?" ಎಂದರೆ "ಹ್ಞೂ ಸಿಸ್ಟ್ರೇ, ಆಗ್ಲೇ ನುಂಗಿ ಆಯ್ತಲ್ಲ" ಎನ್ನುವ ಅಜ್ಜಿಯ ದಿಂಬಿನ ಕೆಳಗೆ ಕೈ ಹಾಕಿದರೆ ಎಲ್ಲ ಮಾತ್ರೆಗಳೂ ಅಲ್ಲೇ ಬೆಚ್ಚಗೆ ಮಲಗಿರುತ್ತವೆ. ಕುಡಿದು ಚರಂಡಿಗೆ ಬಿದ್ದವರೆಲ್ಲ ನಮ್ಮಲ್ಲಿಗೆ ಬರುವಷ್ಟರಲ್ಲಿ ಪಾಚಿಯಲ್ಲಿ ಜಾರಿ ಬಿದ್ದವರಾಗಿರುತ್ತಾರೆ. ಸಾಲದ್ದಕ್ಕೆ ನಾನು ಬದುಕುತ್ತಿರುವುದು ಕಾಫಿ ಬೆಳೆಯುವವರ ನಡುವೆ. ಗಿಡ ಹಣ್ಣಿನ ಭಾರಕ್ಕೆ ಬಾಗಿ ನೆಲ ಮುಟ್ಟುತ್ತಿದ್ದರೂ "ಎಂತದ್ದೂ ಇಲ್ಲ ಮಾರಾಯ್ರೇ, ಈ ಸಲ ಫಸಲೇ ಇಲ್ಲ" ಎಂದು ಮುಖ ಸಪ್ಪಗೆ ಮಾಡುವ ಜನ ಇವರು. ಇಂಥ ಊರಲ್ಲಿ ಯಾರಾದರೂ "ನಂಗೆ ಗೊತ್ತಿಲ್ಲ" ಎಂದರೆ ಅವರಿಗೆ ಚೆನ್ನಾಗಿ ಗೊತ್ತಿದೆ ಎಂದೇ ಅರ್ಥ.

ಕೊರೊನಾ ಬಂದ ವರ್ಷದ ಮಾತು. ಆ ಕಾಯಿಲೆಗೆಂದೇ ಮಾಡಿದ ಲಸಿಕೆ ಇನ್ನೂ ಬಂದಿರಲಿಲ್ಲ. ನನ್ನನ್ನು ಜ್ವರದ ವಾರ್ಡಿಗೆ ಹಾಕಿದ್ದರು. ನಮ್ಮ ಯಜಮಾನರು ಬಣಕಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕಪತ್ರ ನೋಡಿಕೊಳ್ಳುವವರು. ಎಸ್ಟೇಟಿನವರು ಕೊಟ್ಟ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ಮನೆಯಲ್ಲಿ ದಮ್ಮಿನ ಕಾಯಿಲೆಯ ಅತ್ತೆ, ನಾಲ್ಕು ವರ್ಷದ ಮಗಳು ಪುಟ್ಟಿ. ವಾರ್ಡಿನಿಂದ ಬಂದು ಇವರಿಬ್ಬರ ಜೊತೆ ಇರುವಂತಿರಲಿಲ್ಲ. ಹಾಗಾಗಿ ಅಂಗಳದಾಚೆಯ ಗೊಬ್ಬರದ ರೂಮು ನನ್ನ ಪಾಲಿಗೆ ಬಂತು. ಯೂರಿಯಾ ಮೂಟೆಗಳನ್ನು ಒಂದು ಪಕ್ಕಕ್ಕೆ ಸರಿಸಿ ಮಂಚ ಹಾಕಿಕೊಟ್ಟರು. ಊಟದ ತಟ್ಟೆಯನ್ನು ಬಾಗಿಲಲ್ಲಿಟ್ಟು ಓಡುತ್ತಿದ್ದರು. ಪುಟ್ಟಿ ಮನೆಯ ಕಿಟಕಿಯ ಸರಳು ಹಿಡಿದುಕೊಂಡು "ಅಮ್ಮ, ಬಾ" ಎನ್ನುತ್ತಿದ್ದಳು. ನಾನು ಇತ್ತ ಕೂತು "ನಾಳೆ ಬರ್ತೀನಿ" ಎನ್ನುತ್ತಿದ್ದೆ. ನಿಜ ಹೇಳುತ್ತೇನೆ, ಆ ಕಾಯಿಲೆಗಿಂತ ಆ ಕಿಟಕಿಗೆ ನಾನು ಹೆಚ್ಚು ಹೆದರಿದ್ದೆ.

ಆಗಲೇ ದೊಡ್ಡ ಊರಿನಿಂದ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ನಮ್ಮ ಆಸ್ಪತ್ರೆಗೆ ಬಂದರು. ಹಸುಗೂಸುಗಳಿಗೆ ಕ್ಷಯ ಬರದಿರಲೆಂದು ಹಾಕುವ ಬಿಸಿಜಿ ಇದೆಯಲ್ಲ, ಅದು ಮೈಯ ಕಾವಲನ್ನೇ ಎಚ್ಚರಿಸಿ ಬೇರೆ ಕಾಯಿಲೆಗಳನ್ನೂ ತಡೆಯಬಹುದೇನೋ ಎಂಬ ಗುಮಾನಿ ದೊಡ್ಡ ಡಾಕ್ಟರುಗಳಿಗೆ ಇದೆಯಂತೆ. ಅದನ್ನು ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಮೇಲೆ ಪರೀಕ್ಷಿಸಬೇಕಂತೆ. ಒಪ್ಪಿದವರಲ್ಲಿ ಕೆಲವರಿಗೆ ಲಸಿಕೆ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಹೇಳುವುದಿಲ್ಲ.

"ನಿಮಗಾದ್ರೂ ಗೊತ್ತಿರುತ್ತಲ್ಲ ಮೇಡಂ?" ಎಂದೆ.

"ನನಗೂ ಗೊತ್ತಿಲ್ಲ ಸಿಸ್ಟರ್," ಎಂದರು.

ನನ್ನ ಕಿವಿ ನೆಟ್ಟಗಾಯಿತು. ಗೊತ್ತಿಲ್ಲವಂತೆ! ಆದರೂ ತೋಳು ಕೊಟ್ಟೆ. ನನಗೆ ಚುಚ್ಚುವಾಗ ಅವರು ಮಾಸ್ಕಿನೊಳಗೇ ಸಣ್ಣಗೆ ನಕ್ಕರು, ಕಣ್ಣಲ್ಲಿ ಗೊತ್ತಾಯಿತು. ನನ್ನ ಹಿಂದೆ ನಿಂತಿದ್ದ ಹಿರಿಯ ನರ್ಸು ಶಕುಂತಲಕ್ಕನಿಗೆ ಚುಚ್ಚುವಾಗ ನಗಲಿಲ್ಲ. ಯಾಕೆ ನಗಲಿಲ್ಲ? ಉಪ್ಪುನೀರು ಹಾಕಿಸಿಕೊಳ್ಳುವವರನ್ನು ಕಂಡರೆ ನಗು ಬರುವುದು ಸಹಜವಲ್ಲವೇ? ಅವತ್ತು ಇಂಜೆಕ್ಷನ್ನಿನ ನೋವು ನನ್ನ ಗಮನಕ್ಕೇ ಬರಲಿಲ್ಲ. ಮನೆಗೆ ಬಂದು ಅಂಗಳದಲ್ಲಿ ನಿಂತು ಎಲ್ಲ ವಿವರಿಸಿದರೆ, ಯಜಮಾನರು ಜಗುಲಿಯಿಂದಲೇ "ನಮ್ಮಲ್ಲಿ ಉಪ್ಪುನೀರಿಗೆ ಮಾವಿನ ಮಿಡಿ ಹಾಕೋದು ಕಣೇ. ನಿನ್ನನ್ನೂ ಹಾಕಿದ್ರಾ?" ಎಂದರು.

ಬಿಸಿಜಿಗೆ ಒಂದು ಗುಣವಿದೆ. ಹಾಕಿದ ಜಾಗದಲ್ಲಿ ಕೆಲವು ವಾರಗಳ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಹುಣ್ಣು ಏಳುತ್ತದೆ. ಉಪ್ಪುನೀರಿಗೆ ಏಳುವುದಿಲ್ಲ. ನರ್ಸುಗಳಿಗೆ ಇದು ಗೊತ್ತಿಲ್ಲದ ಗುಟ್ಟೇ? ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ತೋಳು ಮೇಲೆತ್ತಿ ನೋಡಿಕೊಳ್ಳುವುದೇ ಕೆಲಸವಾಯಿತು. "ನಿಂದು ಎದ್ದಿದ್ಯಾ?" ಎಂದರೆ "ಎಂತದೂ ಇಲ್ಲ ಮಾರಾಯ್ತಿ" ಎಂದು ಶಕುಂತಲಕ್ಕ ತೋಳು ಇಳಿಸಿಕೊಳ್ಳುತ್ತಿದ್ದರು. ಅವರ ಮನೆಯವರೂ ಕಾಫಿ ಬೆಳೆಗಾರರೇ, ನಾನು ಹೇಗೆ ನಂಬಲಿ?

ನಾನಂತೂ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಹುಣ್ಣು ಎದ್ದರೆ ಲಸಿಕೆ. ಲಸಿಕೆಯಾದರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ. ಸುಳಿಯದಿದ್ದರೆ ಪುಟ್ಟಿಯನ್ನು ಎತ್ತಿಕೊಳ್ಳಬಹುದು. ಡಾಕ್ಟ್ರಮ್ಮ ಬಿಡಿಸಿ ಹೇಳಿದ್ದರು: "ಕೆಲಸ ಮಾಡುತ್ತೋ ಇಲ್ವೋ ಅಂತ ನೋಡೋದಕ್ಕೇ ಈ ಪರೀಕ್ಷೆ ಸಿಸ್ಟರ್. ಹುಣ್ಣು ಎದ್ರೂ ಏಳದಿದ್ರೂ ಎಚ್ಚರಿಕೆ ಬಿಡಬೇಡಿ." ಗುಟ್ಟು ಮುಚ್ಚಿಡಲು ಹಾಗೆ ಹೇಳುತ್ತಾರೆ ಎಂದು ನಾನು ಒಳಗೇ ನಕ್ಕೆ. ಕಿಟಕಿಯಲ್ಲಿ ಪುಟ್ಟಿಗೆ ಮಾತನ್ನೂ ಕೊಟ್ಟುಬಿಟ್ಟೆ. "ಅಮ್ಮನ ತೋಳಲ್ಲಿ ಒಂದು ಹುಣ್ಣು ಏಳುತ್ತೆ. ಎದ್ದ ದಿನ ನಿನ್ನ ಎತ್ಕೊಳ್ತೀನಿ." ಅಂದಿನಿಂದ ಅವಳು "ಅಮ್ಮ, ಬಾ" ಎನ್ನುವುದನ್ನು ಬಿಟ್ಟು "ಅಮ್ಮ, ಹುಣ್ಣು?" ಎಂದು ಕೇಳತೊಡಗಿದಳು. ಮೊಮ್ಮಗಳು ಹುಣ್ಣಿಗೆ ಹರಕೆ ಹೊತ್ತವಳ ಹಾಗೆ ಕಾಯುತ್ತಿದ್ದಾಳೆಂದು ಅತ್ತೆ ಗೊಣಗಿದರು.

ಮಳೆಗಾಲ ಹಿಡಿಯಿತು. ಆಸ್ಪತ್ರೆಯ ಜೀಪು ಗೇಟಿನಲ್ಲಿ ಇಳಿಸಿದರೆ, ಕಾಫಿ ಗಿಡಗಳ ರೆಂಬೆ ಸರಿಸಿಕೊಂಡು ಒಳದಾರಿಯಲ್ಲಿ ಮನೆಗೆ ಬರಬೇಕು. ಒಂದು ಬೆಳಗ್ಗೆ ಎದ್ದಾಗ ಎಡತೋಳು ನವೆಯಾಗುತ್ತಿತ್ತು. ಮುಟ್ಟಿ ನೋಡಿದರೆ ಗಂಟು! ಕೆಂಪಗೆ, ಉಬ್ಬಿ, ನಡುವೆ ಒಂದು ಚುಕ್ಕಿ. ನನಗಾದ ಸಂತೋಷಕ್ಕೆ ತಲೆ ಬಾಚಲೂ ತಾಳ್ಮೆಯಿರಲಿಲ್ಲ. ಹಾಕಿಕೊಂಡಿದ್ದ ನೈಟಿಯಲ್ಲೇ ಅಂಗಳಕ್ಕೆ ಓಡಿ "ಪುಟ್ಟೀ, ಎದ್ದಿದೆ ಕಣೇ!" ಎಂದು ಕೂಗಿದೆ. ಅವಳು ಅತ್ತೆಯ ಕೈ ಬಿಡಿಸಿಕೊಂಡು ಜಗುಲಿಯಿಂದ ಹಾರಿದಳು. ನಾನು ತೋರಿಸಲೆಂದು ತೋಳು ಮೇಲೆತ್ತಿದರೆ, ನೈಟಿಯ ತೋಳಿಗೆ ಒಳಗಡೆಯಿಂದ ಉದ್ದಕ್ಕೂ ಒಣಗಿದ ರಕ್ತದ ಕಲೆ. ಗಂಟು ಇದ್ದದ್ದು ಇಂಜೆಕ್ಷನ್ನಿನ ಜಾಗಕ್ಕಿಂತ ಕೆಳಗೆ. ಇಂಬಳ! ನೀವು ಜಿಗಣೆ ಎನ್ನುತ್ತೀರಲ್ಲ, ಅದು. ಹುಟ್ಟಿದಾಗಿನಿಂದ ಕಂಡ ಕಚ್ಚು ಅದು. ಬೇರೆಯವರ ತೋಳಿನಲ್ಲಿದ್ದರೆ ಬಾಗಿಲಲ್ಲೇ ಗುರುತು ಹಿಡಿದು ಬೈದು ಕಳಿಸುತ್ತಿದ್ದೆ. ಲೋಕವನ್ನೆಲ್ಲ ಅನುಮಾನಿಸುವವಳು ಅದೊಂದನ್ನು ಅನುಮಾನಿಸಲಿಲ್ಲ.

"ನಿಲ್ಲು! ಬರಬೇಡ!" ಎಂದು ಕಿರುಚಿದೆ.

ಪುಟ್ಟಿ ಅಂಗಳದ ನಡುವೆ ನಿಂತಳು. ಮುಖ ನೋಡಿದಳು. ಆಮೇಲೆ ಒದ್ದೆ ನೆಲದಲ್ಲೇ ಕೂತು ಅತ್ತಳು. ಎತ್ತಿಕೊಳ್ಳಲು ನಾನು ಹೋಗುವಂತಿಲ್ಲ. ಅತ್ತೆ ಏದುಸಿರು ಬಿಡುತ್ತ ಬಂದು ಎತ್ತಿಕೊಂಡು ಹೋದರು. ನಾನು ಗೊಬ್ಬರದ ರೂಮಿಗೆ ಹೋಗಿ ಮೂಟೆಗೆ ಒರಗಿ ಹೊಟ್ಟೆ ತುಂಬ ಅತ್ತೆ.

ನನಗೆ ಬಂದದ್ದು ಉಪ್ಪುನೀರೇ ಎಂದು ಬಹಳ ತಿಂಗಳ ಮೇಲೆ ಗೊತ್ತಾಯಿತು. ಡಾಕ್ಟ್ರಮ್ಮನಿಗೂ ಅದು ಗೊತ್ತಾದದ್ದು ಆಗಲೇ ಅಂತೆ. ಲಸಿಕೆ ಸಿಕ್ಕವರಿಗೂ ಕೊರೊನಾದ ಮಟ್ಟಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲವಂತೆ. "ಹಾಗಾದ್ರೆ ಇಷ್ಟೆಲ್ಲ ಯಾಕೆ ಮೇಡಂ?" ಎಂದರೆ, "ನೋಡದೇ ಹೇಗೆ ಗೊತ್ತಾಗುತ್ತೆ ಸಿಸ್ಟರ್?" ಎಂದರು. ಅನುಮಾನದ ವಿಷಯದಲ್ಲಿ ಅವರು ನನಗಿಂತ ಒಂದು ಕೈ ಮೇಲು. ಅವರದಕ್ಕೆ ಮಾತ್ರ ವಿಜ್ಞಾನ ಎಂಬ ಹೆಸರಿದೆ.

ಅದಿರಲಿ, ಪುಟ್ಟಿಯ ವಿಷಯ ಹೇಳುತ್ತಿದ್ದೆ. ಈ ಸುದ್ದಿ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಸರದಿಯ ವಾರ್ಡ್ ಡ್ಯೂಟಿ ಮುಗಿಯಿತು. ಬೇರೆಯಾಗಿ ಇರಬೇಕಾದಷ್ಟು ದಿನ ಇದ್ದೆ, ಪರೀಕ್ಷೆಯಲ್ಲೂ ಕಾಯಿಲೆ ಇಲ್ಲವೆಂದು ಬಂತು. ತಲೆಗೆ ಎರೆದುಕೊಂಡು, ಹೊಸ ಸೀರೆ ಉಟ್ಟು, ಜಗುಲಿಯ ಮೆಟ್ಟಿಲಿಗೆ ಬಂದು ಎರಡೂ ಕೈ ಚಾಚಿದೆ.

ಪುಟ್ಟಿ ಅತ್ತೆಯ ಸೆರಗಿನ ಹಿಂದೆ ಸರಿದಳು. "ಹುಣ್ಣು ಎದ್ದಿದ್ಯಾ?"

"ಇಲ್ಲ ಪುಟ್ಟ. ಆದ್ರೆ ಟೆಸ್ಟ್ ಮಾಡಿದ್ರು. ಅಮ್ಮಂಗೆ ಏನೂ ಇಲ್ಲ ಅಂತ ಬಂದಿದೆ."

"ಯಾರು ಹೇಳಿದ್ದು?"

"ಡಾಕ್ಟ್ರು."

"ಡಾಕ್ಟ್ರು ಸುಳ್ಳು ಹೇಳಿದ್ರೆ?"

ಯಜಮಾನರು ಉಕ್ಕಿ ಬಂದ ನಗುವನ್ನು ಕೆಮ್ಮು ಮಾಡಿಕೊಂಡು ಹಿತ್ತಲಿಗೆ ಹೋದರು. ಅತ್ತೆ ಮಾಡಿನ ಹೆಂಚಿನ ಕಡೆ ನೋಡಿದರು. ನನಗೆ ನಗಲಾಗಲಿಲ್ಲ. ನಾನು ಮೆಟ್ಟಿಲ ಮೇಲೆ ಮಂಡಿಯೂರಿ ಕೂತು, ಜನ್ಮದಲ್ಲಿ ಮೊದಲ ಸಲ, ಡಾಕ್ಟರುಗಳ ಪರವಾಗಿ ವಕಾಲತ್ತು ವಹಿಸಿದೆ. "ಇಲ್ಲ ಪುಟ್ಟಿ, ಡಾಕ್ಟ್ರು ಸುಳ್ಳು ಹೇಳಲ್ಲ. ಲ್ಯಾಬಿನವ್ರೂ ಹೇಳಲ್ಲ. ಎಲ್ರೂ ಒಳ್ಳೆಯವ್ರು, ನಂಬಬೇಕು ಕಣೇ," ಎಂದು ಗೋಗರೆದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ವಾರ್ಡಿನ ಅಜ್ಜಿಯರನ್ನು ನಾನು ನೋಡುವುದು ಹಾಗೆಯೇ. ಆಮೇಲೆ ನಲ್ಲಿಯ ಕಡೆ ಬೆರಳು ತೋರಿಸಿ "ಕೈ ತೊಳಿ. ನಾನು ನೋಡ್ಬೇಕು" ಎಂದಳು. ತೊಳೆದೆ. "ಇನ್ನೊಂದ್ಸಲ" ಎಂದಳು. ಮತ್ತೆ ತೊಳೆದೆ. ನೊರೆಯೆಲ್ಲ ಹೋಯಿತೆಂದು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಬಂದು ಕುತ್ತಿಗೆಗೆ ಜೋತುಬಿದ್ದಳು. ಅವಳು ನಂಬಿದ್ದು ನನ್ನನ್ನೋ, ಸೋಪನ್ನೋ, ಅದು ಇವತ್ತಿಗೂ ನನಗೆ ತಿಳಿಯದು. ಕೇಳುವ ಧೈರ್ಯವೂ ಇಲ್ಲ.