ಕಡಪ ಕಲ್ಲಿನ ರಾಜಮಾರ್ಗ

ಯುಗಾದಿಯೊಳಗೆ ಗೇಟಿನಿಂದ ಮನೆಯ ಮೆಟ್ಟಿಲವರೆಗೆ ಒಂದು ರಾಜಮಾರ್ಗ ಕಟ್ಟಿ, ಅದೇ ಮೆಟ್ಟಿಲ ಬುಡದಲ್ಲಿ ಹೆಂಡತಿಯನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೊರಡದಿದ್ದರೆ ತನ್ನ ಹೆಸರು ದಿನಕರ ರಾವ್ ಅಲ್ಲವೇ ಅಲ್ಲ ಎಂದು ದಿನಕರ ರಾಯರು ಘೋಷಿಸಿದ್ದು ಪೆಂಡುರ್ತಿಯ ಬಾಡಿಗೆ ಮನೆಯ ಜಗಲಿಯ ಮೇಲೆ, ಒಂದು ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟುಕೊಂಡು. ಭೀಷ್ಮನಿಗಾದರೂ ಪ್ರತಿಜ್ಞೆ ಮಾಡುವಾಗ ನಿಲ್ಲಲು ಎರಡು ಕಾಲುಗಳಿದ್ದವು. ರಾಯರಿಗೆ ಆ ಸೌಕರ್ಯವೂ ಇರಲಿಲ್ಲ!

ಆದದ್ದಿಷ್ಟು. ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಕಮಲಾ ಪೆಟ್ಟಿಗೆಯ ತಳದಿಂದ ರೇಷ್ಮೆ ಸೀರೆ ತೆಗೆದು ಉಟ್ಟಿದ್ದಳು. ರಾಯರು ಮೆಟ್ಟಿಲ ಬುಡದಲ್ಲಿ ಸ್ಕೂಟರು ಒದ್ದು ಶುರು ಮಾಡಿದರು. ಹಿಂದಿನ ದಿನ ಸುರಿದ ಮಳೆಗೆ ಅಂಗಳದ ಕರಿಮಣ್ಣು ಹಲ್ವದ ಹದಕ್ಕೆ ಬಂದಿತ್ತು. ಗೇಟಿನವರೆಗೆ ಹೋಗಬೇಕಾದ ಸ್ಕೂಟರು ಅರ್ಧದಾರಿಯಲ್ಲೇ ಮನಸ್ಸು ಬದಲಿಸಿ ಮಗ್ಗುಲಾಯಿತು. ಗಂಡ, ಹೆಂಡತಿ, ರೇಷ್ಮೆ ಸೀರೆ, ಉಡುಗೊರೆಯ ಸ್ಟೀಲಿನ ಡಬ್ಬಿ ಎಲ್ಲವೂ ಹಲ್ವದಲ್ಲಿ ಗೋಡಂಬಿಯ ಹಾಗೆ ಹೂತುಕೊಂಡವು. ಬೀದಿಯ ಜನ ಬೇಲಿಯ ಮೇಲಿಂದ ಇಣುಕಿ ಏನೋ ಅಂದರು, ನಕ್ಕರು.

"ಬಿದ್ದದ್ದಕ್ಕೆ ನನಗೆ ಬೇಜಾರಿಲ್ಲ ಮಾರಾಯ್ರೆ," ಅಂದಳು ಕಮಲಾ, ಸೀರೆಯ ಅಂಚು ಹಿಂಡುತ್ತಾ. "ಉಡುಪಿಯಲ್ಲಿ ಬಿದ್ದಿದ್ರೆ ಯಾರಾದ್ರೂ ಎತ್ತಿ ನಿಲ್ಲಿಸಿ, ನಾಲ್ಕು ಬೈದು, ಒಂದು ಲೋಟ ನೀರು ಕೊಡ್ತಿದ್ರು. ಇಲ್ಲಿ ಇವರು ನಗುವುದು ಸಹ ತೆಲುಗಿನಲ್ಲಿ! ಎಂತಕ್ಕೆ ನಗಾಡಿದ್ರು ಅಂತಲೂ ನನಗೆ ಗೊತ್ತಾಗ್ಲಿಲ್ಲ."

ಮೊದಲು ವಿಜಯವಾಡದ ಭವಾನಿಪುರಂನಲ್ಲಿದ್ದಾಗ ಅಕ್ಕಪಕ್ಕದವರೆಲ್ಲ ರಾಯರ ಬ್ಯಾಂಕಿನ ಕನ್ನಡದವರೇ. ತೆಲುಗು ಕಲಿಯುವ ಗರಜು ಕಮಲಾಳಿಗೆ ಬಿದ್ದಿರಲಿಲ್ಲ. ವಿಶಾಖಪಟ್ಟಣಕ್ಕೆ ವರ್ಗವಾಗಿ, ಊರಿನ ಅಂಚಿನ ಈ ಪೆಂಡುರ್ತಿಗೆ ಬಂದ ಮೇಲೆ ಅವಳು ಮಾತಾಡುವುದು ಗಂಡನ ಜೊತೆ, ದೇವರ ಜೊತೆ, ಮತ್ತು ಹಾಲು ಒಡೆದರೆ ಹಾಲಿನ ಜೊತೆ.

"ಇನ್ನು ಈ ಅಂಗಳದಲ್ಲಿ ನಿಮ್ಮ ಸ್ಕೂಟರು ಹತ್ತುವವಳಲ್ಲ ನಾನು. ಯುಗಾದಿ ಮುಗಿದ ಕೂಡಲೇ ಮದ್ರಾಸಿನ ಮೇಲೆ ಮಂಗಳೂರಿಗೆ ಟಿಕೆಟ್ ತೆಗೀರಿ. ಮನೆಗೆ ಹೋಗಿರ್ತೇನೆ. ನಿಮಗೆ ಊರಿನ ಬದಿಗೆ ವರ್ಗ ಆದಾಗ ಕಾಗದ ಹಾಕಿ."

ಆಗಲೇ ರಾಯರು ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಆ ಪ್ರತಿಜ್ಞೆ ಮಾಡಿದ್ದು. ಕಮಲಾ ಕೇಳಿಸಿಕೊಂಡಳು. "ಹೆಸರು ಅಲ್ಲದಿದ್ರೆ ಮತ್ತೆ ಏನಂತ ಕರೀಬೇಕು, ಅದನ್ನೂ ಈಗಲೇ ಹೇಳಿಬಿಡಿ," ಅಂದಳು. ಹೆಸರು ಹಿಡಿದು ಕರೆಯುವ ಅಭ್ಯಾಸ ಅವಳಿಗೆ ಹೇಗೂ ಇರಲಿಲ್ಲ.

ಪ್ರತಿಜ್ಞೆ ಸುಲಭ, ಕಲ್ಲು ಕಷ್ಟ. ಮನೆಯ ಮಾಲೀಕರು, "ರಾಜಮಾರ್ಗವಾದರೂ ಹಾಕಿಕೊಳ್ಳಿ, ರನ್‌ವೇಯಾದರೂ ಹಾಕಿಕೊಳ್ಳಿ, ನನ್ನ ಕಿಸೆಗೆ ಮಾತ್ರ ಕೈ ಹಾಕಬೇಡಿ," ಎಂದು ಹೃತ್ಪೂರ್ವಕವಾಗಿ ಹರಸಿದರು. ಸಾಲ ಕೇಳಲು ಬಂದವರಿಗೆಲ್ಲ ಮಿತವ್ಯಯದ ಉಪದೇಶ ಮಾಡಿಯೇ ಕಳಿಸುವ ಆಫೀಸರ್ ರಾಯರು ಈಗ ಆ ಉಪದೇಶವನ್ನು ತಾವೇ ನುಂಗಬೇಕಾಯಿತು. ಕಾಂಕ್ರೀಟು ದುಬಾರಿ. ಇಟ್ಟಿಗೆ ಕರಿಮಣ್ಣಿನಲ್ಲಿ ಮುಳುಗುತ್ತದೆ. ಉಳಿದದ್ದು ಹೆಡ್ ಕ್ಯಾಶಿಯರ್ ಜಗನ್ಮೋಹನ್.

ಜಗನ್ಮೋಹನ್‌ಗೆ ತಿಳಿಯದ ವಿಷಯ ಭೂಮಿಯ ಮೇಲಿರಲಿಲ್ಲ. "ಸಾರ್, ಟೌನಿನಲ್ಲಿ ಹಳೇ ಮೀಲ್ಸ್ ಹೋಟೆಲೊಂದು ಮೇಜು ಬದಲಾಯಿಸ್ತಾ ಇದೆ. ಈಗೆಲ್ಲ ಸನ್‌ಮೈಕಾ ಅಲ್ಲವಾ! ಹಳೇ ಮೇಜಿನ ಮೇಲಿನ ಕಲ್ಲೆಲ್ಲ ಹಿತ್ತಲಲ್ಲಿ ಬಿದ್ದಿದೆ. ಅಸಲು ಕಡಪ ಕಲ್ಲು ಸಾರ್, ಕನ್ನಡಿಯ ಹಾಗೆ ಮಿರಮಿರ ಮಿಂಚುತ್ತೆ. ಸಾಗಿಸಿಕೊಂಡು ಹೋದರೆ ಸಾಕು ಅಂತಾರೆ!"

ಸಾಗಿಸಿಕೊಂಡು ಬಂದರು. ಎತ್ತಿನ ಗಾಡಿಯಿಂದ ಇಳಿದ ಒಂದೊಂದು ಚಪ್ಪಡಿಯ ಅಂಚಿನಲ್ಲೂ ಬಿಳಿಬಣ್ಣದ ಮೇಜಿನ ನಂಬರು ಇನ್ನೂ ಉಳಿದಿತ್ತು. ಎಷ್ಟು ವರ್ಷಗಳ ಪಪ್ಪು, ಸಾಂಬಾರು, ಕಾಸಿದ ತುಪ್ಪ ಆ ಕಲ್ಲುಗಳ ಮೇಲೆ ಹರಿದಿತ್ತೋ! ಬಿಸಿಲು ಬಿದ್ದೊಡನೆ ಅಂಗಳವೆಲ್ಲ ಇಂಗಿನ ಪರಿಮಳ. ರಾಯರೂ ಜಗನ್ಮೋಹನ್ನೂ ಮೂರು ಭಾನುವಾರ ಬೆವರು ಹರಿಸಿ, ಮರಳು ಹರಡಿ, ಕಲ್ಲು ಕೂರಿಸಿದರು. ಕೂರಿಸಿದ ಕಲ್ಲನ್ನು ಬೀದಿನಾಯಿಗಳು ಭಕ್ತಿಯಿಂದ ನೆಕ್ಕಿ ಪರೀಕ್ಷಿಸಿ ಮುಂದಿನದಕ್ಕೆ ಹೋದವು.

ಕಮಲಾ ಮೆಟ್ಟಿಲ ಮೇಲೆ ನಿಂತು ನೋಡಿದಳು. "ನುಣುಪು ಬದಿ ಮೇಲೆ ಮಾಡಿ ಹಾಕಿದ್ದೀರಲ್ಲ? ದೊರಗು ಬದಿ ಮೇಲೆ ಬಂದ್ರೆ ಕಾಲು ನಿಲ್ತದೆ. ದೋಸೆಯನ್ನಾದ್ರೂ ಒಂದು ಸಲ ಮಗುಚುತ್ತಾರೆ ಮಾರಾಯ್ರೆ!"

"ಕನ್ನಡಿಯನ್ನು ಯಾರಾದರೂ ಬೆನ್ನು ಮೇಲೆ ಮಾಡಿ ತೂಗುಹಾಕುತ್ತಾರಾ?" ಅಂದರು ರಾಯರು.

"ಭೇಷ್ ಸಾರ್!" ಅಂದ ಜಗನ್ಮೋಹನ್.

ಯುಗಾದಿ ಬಂತು. ಬೆಳಿಗ್ಗೆಯೇ ಸಿಂಹಾಚಲಂ ದೇವಸ್ಥಾನಕ್ಕೆ ಸವಾರಿ ಎಂದು ನಿಶ್ಚಯವಾಗಿತ್ತು. ಉದ್ಘಾಟನೆಯ ದಿನ ಮಾರ್ಗ ಹೊಳೆಯಬೇಡವೇ? ರಾಯರು ಮುಂಜಾನೆ ಎದ್ದು, ಸೋಪಿನ ಪುಡಿ ಉದಾರವಾಗಿ ಎರಚಿ, ಕೊಡಗಟ್ಟಲೆ ನೀರು ಹಾಕಿ ಉಜ್ಜಿದರು. ಹೋಟೆಲಿನ ಎಣ್ಣೆ, ಮನೆಯ ಸೋಪು, ಕಡಪದ ನುಣುಪು, ಮೂರೂ ಸೇರಿ ತ್ರಿವೇಣಿ ಸಂಗಮವಾಯಿತು. ಗೇಟಿನ ಕಡೆಗೆ ಸ್ವಲ್ಪ ಇಳಿಜಾರೂ ಇತ್ತು. ನೀರು ಹರಿದು ಹೋಗಲಿ ಎಂದು ರಾಯರೇ ಬುದ್ಧಿ ಓಡಿಸಿ ಇಟ್ಟದ್ದು.

ಕಮಲಾ ಹೊಸ ಸೀರೆ ಉಟ್ಟು ಮೆಟ್ಟಿಲಿಳಿದಳು. ಅವಳ ಕೈಯಲ್ಲಿ ಹಣ್ಣುಕಾಯಿಯ ಬುಟ್ಟಿ, ಮುಖದಲ್ಲಿ ಬಹಳ ದಿನಗಳ ನಂತರ ಒಂದು ಸಣ್ಣ ಆಸೆ. ರಾಯರು ಮಹಾರಾಜರ ಗತ್ತಿನಲ್ಲಿ ಸ್ಕೂಟರನ್ನು ಸ್ಟ್ಯಾಂಡಿನಿಂದಿಳಿಸಿ ಕೂತರು.

"ಬಾ, ಹತ್ತು! ಮೆಟ್ಟಿಲಿಂದಲೇ!"

ಅವಳು ಹತ್ತಲು ಕಾಲೆತ್ತಿದ್ದೇ ತಡ, ಸ್ಕೂಟರು ಹೊರಟೇಬಿಟ್ಟಿತು. ಎಂಜಿನ್ ಇನ್ನೂ ಶುರುವಾಗಿರಲಿಲ್ಲ! ರಾಯರು ಬ್ರೇಕು ಒತ್ತಿದರು. ಚಕ್ರ ನಿಂತಿತು, ಸ್ಕೂಟರು ನಿಲ್ಲಲಿಲ್ಲ. ಅಡ್ಡಡ್ಡವಾಗಿ, ನಿಶ್ಶಬ್ದವಾಗಿ, ದೇವರ ಪಲ್ಲಕ್ಕಿಯ ಗಾಂಭೀರ್ಯದಲ್ಲಿ ಅದು ಮೇಜು ಮೇಜು ದಾಟಿ, ಗೇಟು ದಾಟಿ, ಬೀದಿ ದಾಟಿ, ಎದುರು ಮನೆಯ ಕೋಟೇಶ್ವರಮ್ಮನವರು ಹಬ್ಬಕ್ಕೆಂದು ಆಗತಾನೇ ಹಾಕಿ ಮುಗಿಸಿದ್ದ ರಥದ ರಂಗೋಲಿಯ ನಟ್ಟನಡುವೆ ರಾಯರನ್ನು ಮಲಗಿಸಿತು.

"ಅಯ್ಯೋ ರಾವುಗಾರೂ! ನಾ ಮುಗ್ಗು!" ಎಂದು ತಮ್ಮ ರಂಗೋಲಿಗಾಗಿ ಚೀರಿದರು ಕೋಟೇಶ್ವರಮ್ಮ. ಮನುಷ್ಯನ ಮೂಳೆಗಳ ವಿಚಾರ ಅವರಿಗೆ ಆಮೇಲೆ ಹೊಳೆಯಿತು.

ಮೆಟ್ಟಿಲ ಬಳಿ ಕಮಲಾ ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟಳು. "ನಾನು ಕೂರುವ ಮೊದಲೇ ಹೋದ್ರಲ್ಲ," ಎಂದಷ್ಟೇ ಅಂದಳು. ಬೈದಿದ್ದರೂ ರಾಯರು ತಡೆದುಕೊಳ್ಳುತ್ತಿದ್ದರು. ಅವಳು ಒಳಗೆ ಹೋಗಿ ಸೀರೆ ಮಡಿಚಿ ಊರಿಗೆ ಒಯ್ಯುವ ಪೆಟ್ಟಿಗೆಯಲ್ಲಿಟ್ಟಳು. ರೈಲಿಗೆ ಇನ್ನು ನಾಲ್ಕೇ ದಿನ.

ಮಧ್ಯಾಹ್ನ ರಾಯರು ಸೊಂಟಕ್ಕೆ ಮುಲಾಮು ಹಚ್ಚಿಸಿಕೊಂಡು ಕಿಟಕಿಯ ಪಕ್ಕ ಬೋರಲು ಮಲಗಿದ್ದರು. ಗೇಟು ಕಿರುಗುಟ್ಟಿತು. ರಂಗೋಲಿಯ ನ್ಯಾಯ ಕೇಳಲು ಕೋಟೇಶ್ವರಮ್ಮ ಬಂದೇಬಿಟ್ಟಿದ್ದರು. ಎಷ್ಟೇ ಕೋಪವಿದ್ದರೂ ಆ ಬೀದಿಯಲ್ಲಿ ಮರ್ಯಾದೆ ಬಿಡುವವರಿಲ್ಲ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಿನಲ್ಲಿ ಕರಿಕಲ್ಲಿನ ಮೇಲೆ ಹೆಜ್ಜೆ ಇಟ್ಟರು.

ಯುಗಾದಿಯ ಮಧ್ಯಾಹ್ನದ ಬಿಸಿಲಲ್ಲಿ ಕಾದ ಕಡಪ ಕಲ್ಲು!

"ಅಮ್ಮೋ! ಅಬ್ಬೋ! ಓರಿ ನಾಯನೋ!" ಎನ್ನುತ್ತಾ ಆ ಭಾರೀ ಗಾತ್ರದ ಹೆಂಗಸು ಜಿಂಕೆಯಂತೆ ಕುಪ್ಪಳಿಸಿ ಮೆಟ್ಟಿಲು ಸೇರಿದರು. ಕಮಲಾ ಓಡಿ ಬಂದು ಕೂರಿಸಿ, ಕಾಲಿಗೆ ತಣ್ಣೀರು ಸುರಿದು, ಒಂದು ಲೋಟ ಮಜ್ಜಿಗೆ ಕೊಟ್ಟಳು. ರಾಯರು ಮಲಗಿದಲ್ಲಿಂದಲೇ ಕಿಟಕಿಯಲ್ಲಿ ಇಣುಕಿದರು. ಇದ್ದ ಒಂದು ವ್ಯಾಜ್ಯ ಈಗ ಎರಡಾಯಿತು!

ಆದರೆ ಕೋಟೇಶ್ವರಮ್ಮ ಬೈಯಲಿಲ್ಲ. ಮಜ್ಜಿಗೆ ಕುಡಿಯುತ್ತಾ ಆ ಕಲ್ಲಿನ ದಾರಿಯನ್ನೇ ನೋಡಿದರು. ಬಗ್ಗಿ ಅಂಗೈ ಇಟ್ಟು, ಚುರ್ರೆಂದು ತೆಗೆದರು. ಅವರ ಮುಖದಲ್ಲಿ ಚಿನ್ನದ ಗಣಿ ಕಂಡವರ ಕಳೆ.

"ಏಮ್ಮಾ ಕಮಲಮ್ಮಾ, ದೀನಿ ಮೀದ ವಡಿಯಾಲು ಪೆಡಿತೇ?"

ಕಮಲಾ ಕಣ್ಣು ಪಿಳಿಪಿಳಿ ಬಿಟ್ಟಳು. ಕೋಟೇಶ್ವರಮ್ಮ ಬಲಗೈಯ ಐದೂ ಬೆರಳನ್ನು ಕೂಡಿಸಿ, ಗಾಳಿಯಲ್ಲಿ ಪುಟ್ಟ ಪುಟ್ಟ ಗುಪ್ಪೆ ಇಡುವಂತೆ ಸಾಲಾಗಿ ಮಾಡಿ ತೋರಿಸಿದರು.

"ಓ! ಸಂಡಿಗೆ!" ಎಂದು ಕೂಗಿದಳು ಕಮಲಾ.

"ಆಁ! ಸಂಡಿಗೆ! ವಡಿಯಾಲು!"

ಮುಂದಿನದಕ್ಕೆ ಭಾಷೆ ಬೇಕಾಗಲಿಲ್ಲ.

ಮರುದಿನ ಸಂಜೆ ರಾಯರು ಬ್ಯಾಂಕಿನಿಂದ ಬಂದಾಗ ಗೇಟಿನ ಒಳಗೆ ಚಕ್ರ ಇಡಲು ಜಾಗವಿರಲಿಲ್ಲ. ರಾಜಮಾರ್ಗದ ಉದ್ದಕ್ಕೂ ಬಿಳಿ ಪಂಚೆಗಳು. ಅವುಗಳ ಅಂಚು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡರೆ, ಅವು ಅವರವೇ! ಪಂಚೆಯ ಮೇಲೆ ಬೂದುಗುಂಬಳದ ಸಂಡಿಗೆ, ಸಬ್ಬಕ್ಕಿ ಸಂಡಿಗೆ, ಉಪ್ಪು ಮೆಣಸು. ಮೆಟ್ಟಿಲ ಮೇಲೆ ಬೀದಿಯ ಹೆಂಗಸರೆಲ್ಲ ಕೂತಿದ್ದರು. ನಡುವೆ ಕಮಲಾ, ಕೈಗೆಲ್ಲ ಹಿಟ್ಟು ಮೆತ್ತಿಕೊಂಡು, ಉಡುಪಿಯ ಹಲಸಿನ ಹಪ್ಪಳ ತಟ್ಟುವುದು ಹೇಗೆಂದು ಅರ್ಧ ಕನ್ನಡ, ಕಾಲು ತೆಲುಗು, ಉಳಿದದ್ದು ಕೈಬಾಯಿ ಸನ್ನೆಯಲ್ಲಿ ಹೇಳುತ್ತಿದ್ದಳು. ಹೇಳುತ್ತಾ ನಕ್ಕಳು.

ರಾಯರು ಗೇಟಿನ ಹೊರಗೇ ನಿಂತರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ಭವಾನಿಪುರಂನ ಮನೆ ಖಾಲಿ ಮಾಡುವಾಗ ಪಾತ್ರೆಗಳ ಜೊತೆ ಅದೂ ಎಲ್ಲೋ ಮರೆತುಹೋಗಿದೆ ಎಂದೇ ಅವರು ತಿಳಿದಿದ್ದರು. ಸದ್ದು ಮಾಡದೆ ಸ್ಕೂಟರನ್ನು ಹಿಂದಕ್ಕೆ ತಳ್ಳಿ ಬೀದಿಯ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಅಂದಿನಿಂದ ಅದರ ಖಾಯಂ ವಿಳಾಸ ಅದೇ.

ರಾತ್ರಿ ಊಟಕ್ಕೆ ಬಡಿಸುತ್ತಾ ಕಮಲಾ ಅಂದಳು: "ಆ ಟಿಕೆಟ್ ಕ್ಯಾನ್ಸಲ್ ಮಾಡಿ ಬನ್ನಿ."

ರಾಯರ ಕೈ ತುತ್ತಿನ ಸಮೇತ ನಿಂತಿತು. "ನನ್ನನ್ನು ಬಿಟ್ಟುಹೋಗಲು ಮನಸ್ಸು ಬರಲಿಲ್ಲವಾ?"

"ನೀವು ಹೇಗಾದ್ರೂ ಇರ್ತೀರಿ. ಕೋಟೇಶ್ವರಮ್ಮ ನಾಡಿದ್ದು ಮಾವಿನ ಹೋಳು ಒಣಗಿಸ್ಲಿಕ್ಕೆ ತರ್ತಾರೆ. ನಾನು ಹೋದ್ರೆ ಕಾಗೆ ಓಡಿಸುವುದು ಯಾರು, ನೀವಾ?" ಎಂದಳು. ಹಾಗೆಂದವಳು, ಕೇಳದೆಯೇ ಇನ್ನೊಂದು ಸೌಟು ತುಪ್ಪ ಬಡಿಸಿದಳು.

ಮೇ ತಿಂಗಳ ಒಂದು ಭಾನುವಾರ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಬೀದಿಯ ಹೆಂಗಸರು ಕಮಲಾಳನ್ನು ಕರೆದುಕೊಂಡು ಟೌನಿಗೆ ಮ್ಯಾಟಿನಿಗೆ ಹೋಗಿದ್ದರು. ತೆಲುಗು ಸಿನಿಮಾಕ್ಕೆ! ರಾಯರು ಹರಿದ ಬನಿಯನ್ನು, ಲುಂಗಿ, ತಲೆಗೊಂದು ಒದ್ದೆ ಟವಲ್ಲು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಪ್ಪು ಬಟ್ಟೆ ಕಟ್ಟಿದ ಕೋಲು ಹಿಡಿದು ತಮ್ಮ ರಾಜಮಾರ್ಗದ ಕಾವಲಿಗೆ ಕೂತಿದ್ದರು.

ಬೀದಿಯಲ್ಲಿ ಒಂದು ಕಾರು ನಿಂತಿತು. ಹೊಸದಾಗಿ ಬಂದ ರೀಜನಲ್ ಮ್ಯಾನೇಜರು! ಫೋಟೋದಲ್ಲಿ ನೋಡಿದ್ದ ಮುಖ. ಅವರು ಕರವಸ್ತ್ರದಿಂದ ಬೆವರೊರೆಸಿಕೊಳ್ಳುತ್ತಾ ಕಾವಲುಗಾರನನ್ನು ಕೇಳಿದರು: "ಏಮಯ್ಯಾ, ಬ್ಯಾಂಕ್ ಆಫೀಸರ್ ದಿನಕರ ರಾವು ಇಲ್ಲು ಎಕ್ಕಡ?" ಅವರ ಮನೆ ಎಲ್ಲಿ? ಯಾರನ್ನು ಕೇಳಿದರೂ ಗೊತ್ತಿಲ್ಲ ಅಂದರಂತೆ. ಕನ್ನಡದವರು ಅಂದ ಮೇಲೆ ರಿಕ್ಷಾದವನು ವಡಿಯಾಲ ಕಮಲಮ್ಮಗಾರಿ ಇಲ್ಲು ಅಂತ ಇದನ್ನು ತೋರಿಸಿದನಂತೆ.

ರಾಯರು ಬನಿಯನ್ನಿನ ತೂತು ನೋಡಿಕೊಂಡರು. ಕೋಲು ನೋಡಿದರು. ಪ್ರಮೋಷನ್ ನೆನಪಾಯಿತು.

"ದಿನಕರ ರಾವು ಲೇರಂಡಿ," ಅಂದರು ತಲೆ ತಗ್ಗಿಸಿ. ಅಂಥವರು ಇಲ್ಲಿಲ್ಲ!

ಮ್ಯಾನೇಜರು ತಿರುಗುವಷ್ಟರಲ್ಲಿ ಎರಡು ರಿಕ್ಷಾ ತುಂಬ ಹೆಂಗಸರು ಬಂದಿಳಿದರು. ಕೋಟೇಶ್ವರಮ್ಮ ವಿಷಯ ವಿಚಾರಿಸಿ, ಸೊಂಟದ ಮೇಲೆ ಕೈಯಿಟ್ಟು, "ಲೇರಾ? ಮರಿ ಆಯನೆವರು?" ಎಂದು ಕೊಡೆಯ ಕಡೆಗೆ ಬೆರಳು ತೋರಿಸಿದರು. ಇಲ್ಲದಿದ್ದರೆ ಇವರ್ಯಾರು? ಎಲ್ಲರೂ ಕಮಲಾಳನ್ನು ನೋಡಿದರು. ಕೊಡೆ ನಿಧಾನವಾಗಿ ಇಳಿದು ರಾಯರ ಮುಖ ಮುಚ್ಚಿತು.

"ಈಯನೇನಾ ದಿನಕರ ರಾವು?" ಎಂದು ಮ್ಯಾನೇಜರು ಅವಳನ್ನೇ ಕೇಳಿದರು.

ಕಮಲಾ ಸೆರಗು ಸರಿಪಡಿಸಿಕೊಂಡು, ತಡವರಿಸದೆ, ಅಚ್ಚ ತೆಲುಗಿನಲ್ಲಿ ಉತ್ತರಿಸಿದಳು: "ಉಗಾದಿ ದಾಕಾ ಈಯನೇನಂಡಿ. ಆ ತರುವಾತ ಕಾದು!" ಯುಗಾದಿಯವರೆಗೆ ಇವರೇ ಆಗಿದ್ದರು, ಆಮೇಲಿಂದ ಅಲ್ಲ!

ಪ್ರತಿಜ್ಞೆಯ ಕಥೆ ಬೀದಿಗೆಲ್ಲ ಗೊತ್ತಿತ್ತೆಂದು ರಾಯರಿಗೆ ಆಗಲೇ ತಿಳಿದದ್ದು. ಬೀದಿಗೆ ಬೀದಿಯೇ ಗೊಳ್ಳೆಂದು ನಕ್ಕಿತು. ಈ ಸಲ ಎಂತಕ್ಕೆ ನಗಾಡುತ್ತಾರೆಂದು ಕಮಲಾಳನ್ನು ಯಾರೂ ಕೇಳಬೇಕಾಗಿರಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವಳು ಅವಳೇ. ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲ. ಕೊಡೆಯ ಹಿಂದಿನಿಂದಲೂ ಒಂದು ಕ್ಷೀಣ ನಗು ಕೇಳಿಸಿತು.

ರಾಯರು ಕೊಡೆ ಸರಿಸಿ, ಮರ್ಯಾದೆಯಾಗಿ ತಮ್ಮ ಹೆಸರು ಹೇಳಿಕೊಳ್ಳಲು ಬಾಯಿ ತೆರೆದರು. ಅಷ್ಟರಲ್ಲಿ ಕಮಲಾ ಚೀರಿದಳು:

"ಹೆಸರು ಆಮೇಲೆ ಹೇಳುವಿರಂತೆ ಮಾರಾಯ್ರೆ! ಮೊದಲು ಕಾಗೆ ಓಡಿಸಿ, ಅಗೋ, ಕೋಟೇಶ್ವರಮ್ಮನ ಮಾವಿನ ಹೋಳು!"