ದಿಮಾಕಿನ ದವಾಖಾನಿ

ಎಂಬತ್ತರ ದಶಕದ ಒಂದು ವರ್ಷ, ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಹೆಂಗಸರಿಗೂ ಮನಸ್ಸು ಇದೆಯೆಂಬುದನ್ನು ಸರ್ಕಾರವು ತಾತ್ವಿಕವಾಗಿ ಒಪ್ಪಿ, ಅದರ ಚಿಕಿತ್ಸೆಗೆಂದು ಅಫಜಲಪುರದಲ್ಲಿ ವಿಶೇಷ ಕೇಂದ್ರವೊಂದನ್ನು ತೆರೆಯಿತು. ಕಟ್ಟಡ ಬಂತು, ಮಂಚಗಳು ಬಂದವು, ಮೇಲ್ವಿಚಾರಕರಾಗಿ ದೌಲತರಾಯರು ಬಂದರು. ಮನೋವೈದ್ಯರ ಹುದ್ದೆ ಮಾತ್ರ ಇನ್ನೂ ಮಂಜೂರಾತಿಯ ಹಾದಿಯಲ್ಲಿತ್ತು.

ಫಲಕವು ಜನರಿಗೆ ತಿಳಿಯುವ ಮಾತಿನಲ್ಲಿರಬೇಕೆಂದು ಮೇಲಿನವರ ಆದೇಶವಿತ್ತು. ಉರ್ದು ಶಾಲೆಯಲ್ಲಿ ಓದಿದ್ದ ದೌಲತರಾಯರು ಮಿದುಳಿಗೆ ದಿಮಾಗ್ ಎನ್ನುತ್ತಾರೆಂದು ಬಲ್ಲವರು. ಅದನ್ನೇ ಊರಿನ ಉಚ್ಚಾರಕ್ಕೆ ತಿರುಗಿಸಿ 'ಹೆಂಗಸರ ದಿಮಾಕಿನ ದವಾಖಾನಿ' ಎಂದು ದಪ್ಪಕ್ಷರದಲ್ಲಿ ಬರೆಸಿದರು. ಊರಿನವರ ಬಾಯಲ್ಲಿ ದಿಮಾಕು ಎಂದರೆ ಸೊಕ್ಕು. ಹೆಂಡತಿಯ ಸೊಕ್ಕಿಗೆ ಸರ್ಕಾರವೇ ದವಾ ಕೊಡುತ್ತದೆಂಬ ಸುದ್ದಿ ಯಡ್ರಾಮಿಯವರೆಗೂ ಹಬ್ಬಿ, ಗಂಡಂದಿರು ಬಸ್ಸು ತುಂಬಿಕೊಂಡು ಬಂದರು. ಸಾರಿಗೆ ಉಪ್ಪಿಲ್ಲವೆಂದ ಗಂಡನಿಗೆ ನಿಮ್ಮ ನಾಲಿಗೆಯೇ ಸರಿಯಿಲ್ಲವೆಂದದ್ದಕ್ಕೆ ಜೇವರ್ಗಿಯ ಶರೀಫಾಬಿ ದಾಖಲಾದಳು. ಬಸ್ಸಿನಲ್ಲಿ ಗಂಡನಿಗಿಂತ ಮೊದಲು ಕಿಟಕಿ ಪಕ್ಕ ಕೂತ ಆಳಂದದ ಹೀರಾಬಾಯಿಯದು ಬಲಿತ ಕೇಸು. ಬಂದವರನ್ನು ತಿರುಗಿ ಕಳಿಸುವುದು ನಿಯಮಕ್ಕೆ ವಿರುದ್ಧವಾದ್ದರಿಂದ ದೌಲತರಾಯರು ಜನರ ಅರ್ಥವನ್ನೇ ಕೇಂದ್ರದ ಅರ್ಥವೆಂದು ಸ್ವೀಕರಿಸಿ ಪ್ರಕಟಣೆ ಹೊರಡಿಸಿದರು: "ಎದುರುತ್ತರ ಕೊಡುವವರಿಗೆ ಮಾತ್ರ ಪ್ರವೇಶ. ಮನಸ್ಸಿನಲ್ಲೇ ಬೈಯುವವರನ್ನು ಹೊರರೋಗಿಗಳೆಂದು ಪರಿಗಣಿಸಲಾಗುವುದು."

ಕರಜಗಿಯ ಗಂಗಾಬಾಯಿಗೆ ಇದೊಂದೂ ಗೊತ್ತಿರಲಿಲ್ಲ. ಅವಳ ಮಗಳು ಶಿವಕಾಂತಾ ಚೊಚ್ಚಲ ಹೆರಿಗೆಯಾದಾಗಿನಿಂದ ಮಾತು ಬಿಟ್ಟಿದ್ದಳು. ಕೂಸು ಅತ್ತರೆ ಗೋಡೆ ನೋಡುತ್ತಿದ್ದಳು. ಗಾಣಗಾಪುರಕ್ಕೆ ಹರಕೆ ಹೊತ್ತದ್ದೂ ಆಗಿತ್ತು. ಅಳಿಯ ಅಣ್ಣಾರಾಯ ಕೆಟ್ಟವನಲ್ಲ. ಹೆಂಡತಿ ಬಾಯಿ ಮಾಡುತ್ತಿಲ್ಲವೆಂದರೆ ಸುಖವಾಗಿದ್ದಾಳೆಂದೇ ತಿಳಿದಿದ್ದ. ಮಗಳು ಒಮ್ಮೆ ಬಾಯಿ ತೆರೆದು ತನ್ನ ಕೂಸನ್ನು ಎತ್ತಿಕೊಂಡರೆ ಸಾಕೆಂದು ಗಂಗಾಬಾಯಿ ಇಬ್ಬರನ್ನೂ ಅಫಜಲಪುರದ ಕೇಂದ್ರಕ್ಕೆ ಕರೆತಂದಳು.

ದೌಲತರಾಯರು ಶಿವಕಾಂತಾಳನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಕೂಡು ಎಂದರು, ಕೂತಳು. ಬೈದರು, ಸುಮ್ಮನಿದ್ದಳು.

"ಈಕಿಗಿ ದಿಮಾಕ ಎಲ್ಲದಬೇ ಯವ್ವಾ? ಗುಣ ಆದಾಕಿನ್ನ ಕರಕೊಂಡು ಬಂದೀದಿ," ಎಂದರು.

ಇಷ್ಟು ಪೂರ್ಣವಾಗಿ ಗುಣ ಹೊಂದಿದ ಹೆಂಗಸನ್ನು ಕೇಂದ್ರವು ಅದುವರೆಗೆ ಕಂಡಿರಲಿಲ್ಲ. ಉಳಿದವರಿಗೆ ಮಾದರಿಯಾಗಿ ಅವಳ ಫೋಟೋ ತೆಗೆಸಿ ಗೋಡೆಗೆ ಹಾಕಲು ತಾಯಿಯ ಒಪ್ಪಿಗೆ ಕೇಳಿದರು. ಗಂಗಾಬಾಯಿಯ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕೂಸಿನ ಮಾರಿ ನೋಡಲಾರದಾಕಿ ಗುಣ ಆಗ್ಯಾಳೇನ್ರಿ? ನಿಮ್ಮ ಕಣ್ಣಾಗ ಮಣ್ಣ ಬಿದ್ದದೇನು?"

ದೌಲತರಾಯರ ಮುಖ ಅರಳಿತು. ತೀವ್ರ ದಿಮಾಕಿನ ರೋಗಿಯೆಂದು ಗಂಗಾಬಾಯಿಯನ್ನು ಆಗಲೇ ದಾಖಲು ಮಾಡಿಕೊಂಡರು. ರೋಗಿಯ ಆರೈಕೆಗೆ ಮನೆಯವರೊಬ್ಬರು ಇರಬಹುದಾದ್ದರಿಂದ ಶಿವಕಾಂತಾ ಕೂಸಿನೊಂದಿಗೆ ತಾಯಿಯ ಮಂಚದ ಪಕ್ಕ ಉಳಿದಳು.

ಚಿಕಿತ್ಸೆಯೆಂದರೆ ಒಂದು ಶಕ್ತಿಗುಳಿಗೆ ಮತ್ತು ತಗ್ಗಿ ಬಗ್ಗಿ ನಡೆಯಿರೆಂಬ ದೌಲತರಾಯರ ಉಪನ್ಯಾಸ. ಅವರು ಆಚೆ ಹೋದೊಡನೆ ರೋಗಿಗಳು ಅದನ್ನು ಅಣಕಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಶರೀಫಾಬಿ ಶಿವಕಾಂತಾಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಹೀರಾಬಾಯಿ ತನಗೂ ಹಡೆದಾಗ ಹೀಗೇ ಆಗಿತ್ತೆಂದು, ಬಾವಿಯೇ ಕರೆದಂತಾಗುತ್ತಿತ್ತೆಂದು, ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದಳು. ಶಿವಕಾಂತಾ ಅವಳ ಕೈ ಹಿಡಿದು ಅತ್ತಳು. ನಿಯಮಗಳ ಪ್ರಕಾರ ಇದು ಚಿಕಿತ್ಸೆಯಲ್ಲವಾದ್ದರಿಂದ ಯಾರೂ ತಡೆಯಲಿಲ್ಲ.

ಒಂದು ದಿನ ಗುಲ್ಬರ್ಗಾದಿಂದ ಸಾಹೇಬರು ತಪಾಸಣೆಗೆ ಬಂದರು. ಕೂಸು ಚೀರಿತು. ಕಚೇರಿ ವೇಳೆಯಲ್ಲಿ ಅಳುವ ಈ ಕೂಸು ಯಾರದೆಂದು ಅವರು ವಿಚಾರಿಸಿದರು. ಶಿವಕಾಂತಾ ಎದ್ದು ಕೂಸನ್ನು ಎದೆಗೆ ಹಾಕಿಕೊಂಡಳು.

"ನಂದರಿ. ಹಸದದ, ಅಳಾಕತ್ತದ. ಅಳಲಾರದ ನಿಮ್ಮಂಗ ಸಹಿ ಮಾಡತದೇನ್ರಿ?"

ಗಂಗಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸಾಹೇಬರು ಶಿವಕಾಂತಾಳಿಗೆ ಸ್ಥಳದಲ್ಲೇ ಮಂಚ ಮಂಜೂರು ಮಾಡಿದರು. ದಿಮಾಕು ಅಂಟುರೋಗವೆಂದು ಸಾಬೀತಾದ್ದರಿಂದ ಕೇಂದ್ರವನ್ನು ವಿಸ್ತರಿಸಲು ಶಿಫಾರಸೂ ಮಾಡಿದರು.

ಸುದ್ದಿ ಕೇಳಿ ಅಣ್ಣಾರಾಯ ಓಡಿ ಬಂದ. ಇಷ್ಟು ದಿನ ಎಲ್ಲಿ ಹೋಗಿದ್ದಿರೆಂದು ಹೆಂಡತಿ ಎಲ್ಲರೆದುರು ಜಬರಿಸಿದಾಗ ಅವನ ಕಣ್ಣು ತುಂಬಿ ಬಂತು. ಪೇಢೆ ತಂದು ಮಂಚ ಮಂಚಕ್ಕೂ ಹಂಚಿ, ಕೊನೆಗೆ ದೌಲತರಾಯರ ಕೈಗೂ ಒಂದಿಟ್ಟ.

"ನಮ್ಮಾಕಿಗಿ ದಿಮಾಕ ಬಂದದರಿ. ಬಾಯಿ ಸಿಹಿ ಮಾಡ್ಕೋರಿ."

ದೌಲತರಾಯರು ಪೇಢೆ ತಿಂದು, ಅವಳನ್ನು ಆದಷ್ಟು ಬೇಗ ಮೊದಲಿನಂತೆ ಮಾಡಿ ಮನೆಗೆ ಕಳಿಸುವುದಾಗಿ ಭರವಸೆ ಕೊಟ್ಟರು.