ತೋಳು ಚಾಚುವ ಗಾಡಿಯೂ ನನ್ನ ನಾಲಿಗೆಯೂ

ಶಂಕರಣ್ಣನ ಲೈಸೆನ್ಸಿಗೆ ಇನ್ನೇನು ಕಲ್ಲು ಹಾಕಲಿದ್ದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದದ್ದನ್ನು ನೆಮ್ಮದಿಯಾಗಿ ಹೇಳಬಹುದು. ಯಾರ ದನಿ ಕೇಳಿದರೂ ಅದನ್ನು ಅಣಕಿಸಲು ನನ್ನ ಗಂಟಲು ತುರಿಸುತ್ತದೆ. ಇಲ್ಲಿ ಪರದೇಶದ ಫ್ರೀಮಾಂಟಿನ ದಿನಸಿ ಅಂಗಡಿಯವರು ಕೊತ್ತಂಬರಿ ಮುಗಿದಿದೆ ಎಂದು ರಾಗ ಎಳೆಯುವುದನ್ನು ಅವರೆದುರೇ ಮಾಡಿ ತೋರಿಸಿದೆ. ಅಂದಿನಿಂದ ಕೊತ್ತಂಬರಿ ಇದ್ದರೂ ನನಗೆ ಮುಗಿದಿರುತ್ತದೆ. ಮೀಟಿಂಗಿನಲ್ಲಿ ತಡವರಿಸುವ ನನ್ನ ಇಂಗ್ಲಿಷನ್ನೂ ನಾನು ಬಿಟ್ಟಿಲ್ಲ.

ಕ್ಯಾಂಪ್‌ಬೆಲ್‌ನಲ್ಲಿ ನಾವು ಕಟ್ಟುತ್ತಿದ್ದ ಮೂರಂತಸ್ತಿನ ಅಪಾರ್ಟ್‌ಮೆಂಟಿಗೆ ನಾನು ಕಿರಿಯ ಎಂಜಿನಿಯರು. ಮೈಸೂರಿನ ವಸಂತಾ ಮೇಡಂ ನಮಗೆಲ್ಲ ಮೇಲಿನವರು. ಮಂಡ್ಯದ ಶಂಕರಣ್ಣ ಟೆಲಿಹ್ಯಾಂಡ್ಲರ್ ಓಡಿಸುವವರು. ಹಾಗೆಂದರೆ ಹಳೇ ರೇಡಿಯೋ ಆಂಟೆನಾದ ಹಾಗೆ ತೋಳು ಉದ್ದವಾಗುವ ಫೋರ್ಕ್‌ಲಿಫ್ಟು. ಗೋದಾಮಿನ ಫೋರ್ಕ್‌ಲಿಫ್ಟು ನೆಟ್ಟಗೆ ಮೇಲೆತ್ತುತ್ತದೆ, ಅಷ್ಟೇ. ಇದು ಅಗೆದ ಗುಂಡಿಯ ಈಚೆಯೇ ನಿಂತು, ಆಚೆಯ ಮೂರನೇ ಮಹಡಿಯ ಕಿಟಕಿಯೊಳಕ್ಕೆ ಜಿಪ್ಸಮ್ ಹಲಗೆಗಳ ಕಟ್ಟನ್ನು ಇಟ್ಟು ಬರುತ್ತದೆ. ಮುಂದಿನ ಫೋರ್ಕು ಬಿಚ್ಚಿ ಬಕೆಟ್ಟು ಹಾಕಿದರೆ ಮಣ್ಣು ಬಾಚುತ್ತದೆ, ಕೊಕ್ಕೆ ಹಾಕಿದರೆ ಕ್ರೇನಾಗುತ್ತದೆ. ನಾಲ್ಕೂ ಚಕ್ರ ಓರೆ ಮಾಡಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತದೆ. ಆದರೆ ತೋಳು ಚಾಚಿದಷ್ಟೂ ಹೊರುವ ಭಾರ ಕಡಿಮೆ; ಮೀರಿದರೆ ಗಾಡಿಯೇ ಮುಗ್ಗರಿಸುತ್ತದೆ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಹೊರುವುದು ಬೇರೆ, ಕೈ ಚಾಚಿ ಹಿಡಿಯುವುದು ಬೇರೆ ಅಂತ ಶಂಕರಣ್ಣ ಹೇಳಿಕೊಟ್ಟಿದ್ದರು. ನಾಲಿಗೆಗೂ ಅದೇ ಲೆಕ್ಕ ಅಂತ ಮಾತ್ರ ಹೇಳಿರಲಿಲ್ಲ.

ಒಂದು ದಿನ ವಾಕಿಟಾಕಿಯಲ್ಲಿ ಮೇಡಂ ದನಿ ಮಾಡಿ, “ಶಂಕರಣ್ಣ, ಇನ್ನೊಂಚೂರು ಮುಂದಕ್ಕೆ ಬಿಡಿ,” ಎಂದೆ. ಪಾಪ, ಖಾಲಿ ಫೋರ್ಕನ್ನು ಬರೀ ಗಾಳಿಗೆ ಚಾಚಿಕೊಂಡು ಕೂತರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಮುಂದಿನ ವಾರವೇ ಅವರ ಲೈಸೆನ್ಸು ನವೀಕರಿಸುವ ಪರೀಕ್ಷೆ. ಫೇಲಾದರೆ ಸೀಟಿನಿಂದಿಳಿದು ಕಸ ಗುಡಿಸುವ ಗುಂಪಿಗೆ ಸೇರಬೇಕು. ಫೋರ್ಕಿನ ಮೇಲೆ ಹಲಗೆಗಳ ಕಟ್ಟಿತ್ತು, ಪರೀಕ್ಷಕರು ಗಾಡಿಯ ಪಕ್ಕದಲ್ಲೇ ನಿಂತಿದ್ದರು. ಮೇಲೆ ಗೋಡೆಯ ಮರೆಯಲ್ಲಿದ್ದ ಮೇಡಂ ವಾಕಿಟಾಕಿಯಲ್ಲಿ ಮುಂದಕ್ಕೆ ಬಿಡಿ ಎಂದರು. ತೋಳು ಅಲ್ಲಾಡಲಿಲ್ಲ. ಮೂರು ಸಲ ಹೇಳಿದರು. ಪರೀಕ್ಷಕರು ಏನೋ ಬರೆದುಕೊಂಡರು. ಕೆಳಗಿದ್ದ ನಾನೂ ವಾಕಿಟಾಕಿ ಹಿಡಿದು, “ಅದು ನಿಜವಾಗಿಯೂ ಮೇಡಮ್ಮೇ, ಶಂಕರಣ್ಣ,” ಎಂದೆ. ನನ್ನ ಸ್ವಂತ ದನಿ ನನಗೇ ಕೆಟ್ಟ ಮಿಮಿಕ್ರಿಯ ಥರ ಕೇಳಿಸಿತು. ಕೊನೆಗೆ ಮೇಡಂ ಕಿಟಕಿಗೆ ಬಂದು ಮುಖ ತೋರಿಸಿ, ಕೈಸನ್ನೆ ಮಾಡಿದ ಮೇಲೆಯೇ ತೋಳು ಹೊರಟಿತು. ಅರ್ಧ ದಾರಿಯಲ್ಲಿ ಕಟ್ಟಿನ ಪ್ಲಾಸ್ಟಿಕ್ ಹೊದಿಕೆ ಗಾಳಿಗೆ ಎದ್ದಿತು. ಹಲಗೆಗಳೇ ಜಾರಿದವೆಂದು ಹೆದರಿ, ನಿಲ್ಲಿಸಿ ಎಂದು ಕಿರುಚಿದೆ. ತೋಳು ಅಲ್ಲೇ ನಿಂತಿತು. ಏನೂ ಆಗಿರಲಿಲ್ಲ. ಮೇಡಂ ಮತ್ತೆ ಸನ್ನೆ ಮಾಡಿದರು, ಕಟ್ಟು ಹೂವಿನ ಹಾಗೆ ಒಳಗೆ ಕೂತಿತು.

ಪರೀಕ್ಷಕರು ಪಾಸು ಎಂದು ಸಹಿ ಹಾಕಿ ಹೋದರು. ಮೇಡಂ ಮಾತ್ರ ಕೆಳಗಿಳಿದು ಬಂದು, “ಮೂರು ಸಲ ಹೇಳಿದ ನನ್ನ ಮಾತಿಗೆ ಬೆಲೆಯಿಲ್ಲ, ಇವನು ಒಂದು ಸಲ ಕಿರುಚಿದ್ದಕ್ಕೆ ನಿಲ್ಲಿಸಿದಿರಲ್ಲ,” ಎಂದು ಶಂಕರಣ್ಣನ ಮೇಲೆ ಮುನಿಸಿಕೊಂಡರು. ತಪ್ಪೊಪ್ಪಿಕೊಳ್ಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶಂಕರಣ್ಣ ಸೀಟಿನ ಬೆಲ್ಟು ಬಿಚ್ಚುತ್ತ, ನನ್ನತ್ತ ತಿರುಗಿಯೂ ನೋಡದೆ ಅಂದರು:

“ನಿಲ್ಸು ಅಂತ ಕೋತಿ ಅಂದ್ರೂ ನಿಲ್ಲಿಸ್ತೀನಿ ಮೇಡಮ್ಮೋರೆ. ಮುಂದಕ್ ಬಿಡು ಅನ್ನೋರ್ದು ಮಾತ್ರ ಮಕ ನೋಡ್ಬೇಕು.”